ಫೋನೆತ್ತದ ಮಾಲೀಕ, ಕಾಗದ ಕಾಣದ ಏಜೆಂಟ್

ಮುಂಬ್ರಾದಲ್ಲಿ ಮಾರಾಟದ ಮನೆಗಳಿಗೆ ಬರ ಇಲ್ಲ. ಸ್ಟೇಷನ್ನಿನ ಹೊರಗೆ ಕಾಲಿಟ್ಟಲ್ಲಿಂದ ಕೌಸಾದವರೆಗೆ ಲೈಟ್ ಕಂಬ, ರಿಕ್ಷಾದ ಬೆನ್ನು, ಮುಚ್ಚಿದ ಅಂಗಡಿಯ ಶಟರ್, ಎಲ್ಲಿ ನೋಡಿದರೂ ‘1 ಬಿಎಚ್‌ಕೆ, ಅರ್ಜೆಂಟ್ ಸೇಲ್’ ಚೀಟಿ. ಈ ಅರ್ಜೆಂಟ್ ಯಾರಿಗೆ ಎಂಬುದೇ ಗೊತ್ತಾಗುವುದಿಲ್ಲ. ಚೀಟಿಯ ನಂಬರಿಗೆ ಫೋನ್ ಮಾಡಿದರೆ ಏಜೆಂಟ್ ಎತ್ತುತ್ತಾನೆ. ಅವನಿಗೆ ಅರ್ಜೆಂಟ್ ಉಂಟು. ಮನೆ ನೋಡಿ ಮನಸ್ಸಾಯಿತೋ, ನಮಗೂ ಅರ್ಜೆಂಟ್. ಮಾಲೀಕರೊಟ್ಟಿಗೆ ಒಂದು ಮಾತಾಡಬೇಕಲ್ಲ ಎಂದರೆ ಮಾತ್ರ ಎಲ್ಲ ಏಜೆಂಟರದ್ದೂ ಒಂದೇ ಉತ್ತರ: ‘ಮಾಲಕ್ ಗಾಂವ್ ಗಯಾ ಹೈ.’ ಮುಂಬ್ರಾದ ಮಾಲೀಕರೆಲ್ಲ ನಿಜವಾಗಿ ಊರಿಗೆ ಹೋಗಿದ್ದರೆ ಕೊಂಕಣ ರೈಲ್ವೆಯವರು ಎಂದೋ ಹೆಚ್ಚುವರಿ ಬೋಗಿ ಜೋಡಿಸಬೇಕಿತ್ತು.

ಇದನ್ನೆಲ್ಲ ಹೇಳಿಕೊಳ್ಳಲಿಕ್ಕೆ ನನಗೆ ಇರುವವರು ಪಕ್ಕದ ಮನೆಯ ಶೆಟ್ಟರು. ನಮ್ಮ ನಡುವೆ ಬೇಲಿ ಎಂದರೆ ಎರಡು ಬಾಲ್ಕನಿಯ ಕಬ್ಬಿಣದ ಗ್ರಿಲ್ಲು. ಅವರ ಕೈಯಿಂದ ನನ್ನ ಕೈಗೆ ಚಹಾದ ಗ್ಲಾಸು ದಾಟುವಷ್ಟೇ ಅಂತರ. ಎದುರಿಗೆ ಪಾರ್ಸಿಕ್ ಗುಡ್ಡ, ಮೇಲೆ ಮುಂಬ್ರಾದೇವಿಯ ಗುಡಿ, ಕೆಳಗೆ ಲೋಕಲ್ಲಿನ ಸದ್ದು. ಶೆಟ್ಟರು ಠಾಣೆಯಲ್ಲಿ ಹೋಟೆಲ್ ನಡೆಸಿ ಈಗ ಸುಮ್ಮನಿದ್ದಾರೆ. ಎಂಬತ್ತರ ದಶಕದಲ್ಲಿ ಇಲ್ಲಿ ಮನೆ ಕೊಂಡವರು. ನಾನು ಉಳ್ಳಾಲದ ಕಡೆಯ ಬ್ಯಾರಿ, ಬಾಡಿಗೆಯವ.

“ಏನು ಬ್ಯಾರಿಗಳೇ, ಮನೆ ಸಿಕ್ಕಿತಾ?”

“ಮನೆ ಸಿಕ್ಕಿದೆ ಶೆಟ್ರೇ. ಮಾಲೀಕ ಸಿಕ್ಕಲಿಲ್ಲ.”

“ಏಜೆಂಟ್ ಎಂತ ಹೇಳ್ತಾನೆ?”

“ಬುಲೆಟ್ ಟ್ರೇನ್ ಬರ್ತದೆ ಅಂತಾನೆ.”

ಅದು ಸುಳ್ಳೂ ಅಲ್ಲ. ಅಹಮದಾಬಾದಿನ ಬುಲೆಟ್ ಟ್ರೇನಿನ ಠಾಣೆ ಸ್ಟೇಷನ್ ಕಟ್ಟುವುದು ಠಾಣೆಯಲ್ಲಲ್ಲ, ಇಲ್ಲೇ ದಿವಾದ ಆಚೆ ಮ್ಹಾತರ್ಡಿಯಲ್ಲಿ. ಮುಂಬಯಿಯ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನಿಂದ ನೆಲದಡಿ ಬರುವ 21 ಕಿಲೋಮೀಟರ್ ಸುರಂಗ ಮೇಲೇಳುವುದು ಶಿಳ್‌ಫಾಟಾದಲ್ಲಿ. ಐರೋಳಿಯಿಂದ ಕಾಟಾಯಿಗೆ ಹೋಗುವ ರಸ್ತೆಗೆ ಪಾರ್ಸಿಕ್ ಗುಡ್ಡವನ್ನು ಕೊರೆದಿದ್ದಾರೆ. ನವಿಮುಂಬಯಿಯ ವಿಮಾನ ನಿಲ್ದಾಣದಿಂದ 2025ರ ಡಿಸೆಂಬರಿನಲ್ಲಿ ವಿಮಾನ ಹಾರಲಿಕ್ಕೂ ಶುರುವಾಯಿತು. ಏಜೆಂಟ್ ಹುಡುಗನಿಗೆ ಇದೆಲ್ಲ ಬಾಯಿಪಾಠ. ಬುಲೆಟ್ ಟ್ರೇನಿನಿಂದ ಎಷ್ಟು ದೂರ ಎಂದರೆ ‘ವಾಕಿಂಗ್’ ಎನ್ನುತ್ತಾನೆ. ಯಾರ ವಾಕಿಂಗ್ ಎಂದು ಹೇಳುವುದಿಲ್ಲ. ಆದರೆ ಕಟ್ಟಡಕ್ಕೆ ಓಸಿ, ಅಂದರೆ ಪಾಲಿಕೆ ಕೊಡುವ ವಾಸದ ಅನುಮತಿಪತ್ರ, ಉಂಟಾ ಎಂದು ಕೇಳಿ ನೋಡಿ, ಮುಖ ಗುಡ್ಡದ ಕಡೆ ತಿರುಗುತ್ತದೆ.

ಒಬ್ಬ ಹುಡುಗನಿಗೆ ನಾನು ಹಾಗೇ ಕೇಳಿದ್ದೆ. “ಅಂಕಲ್, ಲೈಟ್ ಬಿಲ್ ಉಂಟು, ಟ್ಯಾಕ್ಸ್ ಪಾವತಿ ಉಂಟು, ಸಬ್ ಕ್ಲಿಯರ್” ಅಂದ. ಲೈಟ್ ಬಿಲ್ ಹೇಳುವುದು ಆ ಮನೆಯಲ್ಲಿ ಕರೆಂಟ್ ಉರಿಯುತ್ತದೆ ಎಂದು. ಟ್ಯಾಕ್ಸ್ ಪಾವತಿ ಹೇಳುವುದು ಪಾಲಿಕೆಗೆ ದುಡ್ಡು ಸಂದಾಯವಾಗಿದೆ ಎಂದು. ಅನುಮತಿ ಇಲ್ಲದೆ ಎದ್ದ ಕಟ್ಟಡಕ್ಕೂ ಪಾಲಿಕೆ ಟ್ಯಾಕ್ಸ್ ಹಾಕುತ್ತದೆ, ವಸೂಲೂ ಮಾಡುತ್ತದೆ. ಅದರಿಂದ ಕಟ್ಟಡ ಸಕ್ರಮ ಆಗುವುದಿಲ್ಲ. ಮನೆ ಯಾರದ್ದು, ಆ ಮಾಳಿಗೆ ಕಟ್ಟಲಿಕ್ಕೆ ಅನುಮತಿ ಇತ್ತೋ ಎಂಬುದನ್ನು ಹೇಳುವ ಕಾಗದಗಳೇ ಬೇರೆ.

“ಆ ಹುಡುಗರಿಗೆ ಬಯ್ಯಬೇಡಿ ಮಾರಾಯ್ರೆ” ಎಂದರು ಶೆಟ್ಟರು. “ನಿನ್ನೆವರೆಗೆ ಮೊಬೈಲ್ ರಿಪೇರಿ ಮಾಡ್ತಿದ್ದ, ಇವತ್ತು ಏಜೆಂಟ್. ಅವನಿಗೆ ಕಲಿಸಿದವರು ಯಾರು? ನಮ್ಮ ಹೋಟ್ಲಿಗೆ ಹುಡುಗ ಬಂದ್ರೆ ಮೊದ್ಲು ಟೇಬಲ್ ಒರಸ್ಲಿಕ್ಕೆ ಹಾಕ್ತಿದ್ವಿ. ಆಮೇಲೆ ನೀರು, ಆಮೇಲೆ ಆರ್ಡರ್, ಕಡೆಗೆ ಗಲ್ಲೆ. ಇವ ಮೊದಲ್ನೇ ದಿನವೇ ಗಲ್ಲೆಯಲ್ಲಿ ಕೂತಿದ್ದಾನೆ.”

ಮಾತು ಸರಿ. ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಮಹಾರೇರಾ, 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ, ಸರ್ಟಿಫಿಕೇಟ್ ಎಲ್ಲ ಕಡ್ಡಾಯ ಮಾಡಿತು. ನೋಂದಣಿ ಆದ ಏಜೆಂಟನಿಗೆ ‘ಎ’ ಅಕ್ಷರದಿಂದ ಶುರುವಾಗುವ ನಂಬರು ಇರುತ್ತದೆ. ಆದರೆ 2016ರ ರೇರಾ ಕಾಯ್ದೆ ಏಜೆಂಟನಿಗೆ ನೋಂದಣಿ ಬೇಕೆಂದು ಹೇಳುವುದು ನೋಂದಾಯಿತ ಹೊಸ ಪ್ರಾಜೆಕ್ಟಿನ ಮನೆ ಮಾರುವಾಗ. ನನ್ನಂಥವನು ಹುಡುಕುವುದು ಇಪ್ಪತ್ತು, ಮೂವತ್ತು ವರ್ಷ ಹಳೆಯ ರಿಸೇಲ್ ಮನೆ. ಅಲ್ಲಿ ಪರೀಕ್ಷೆ ಪಾಸಾದವನೂ ಏಜೆಂಟ್, ಮೊಬೈಲ್ ರಿಪೇರಿಯವನೂ ಏಜೆಂಟ್, ನಾಲ್ಕನೇ ಮಾಳಿಗೆಯ ವಾಚ್‌ಮನ್ನನೂ ಏಜೆಂಟ್. ದಲ್ಲಾಳಿ ಮಾತ್ರ ಎಲ್ಲರಿಗೂ ಎರಡು ಪರ್ಸೆಂಟು, ಮಾರುವವನಿಂದ ಬೇರೆ, ಕೊಳ್ಳುವವನಿಂದ ಬೇರೆ.

ಇನ್ನೊಂದು ತಮಾಷೆ ಉಂಟು. ಒಂದೇ ಮನೆಯ ಒಂದೇ ಫೋಟೊ, ಅದೇ ಹಸಿರು ಟೈಲ್ಸಿನ ಅಡುಗೆಕೋಣೆ, ನನಗೆ ಬೇರೆ ಬೇರೆ ಏಜೆಂಟರಿಂದ ಬೇರೆ ಬೇರೆ ರೇಟಿನಲ್ಲಿ ಬಂದಿದೆ. ಒಬ್ಬನಿಗೆ ಇನ್ನೊಬ್ಬ ಕೊಟ್ಟದ್ದು, ಅವನಿಗೆ ಮತ್ತೊಬ್ಬ ಕೊಟ್ಟದ್ದು. ಆ ಸರಪಳಿಯ ಕೊನೆಯಲ್ಲಿ ಮಾಲೀಕನನ್ನು ಕಣ್ಣಾರೆ ಕಂಡವ ಒಬ್ಬ ಇದ್ದರೆ ಪುಣ್ಯ. ನಾನು ಕೇಳಿದ ಪ್ರಶ್ನೆ ಅವರೆಲ್ಲರನ್ನೂ ದಾಟಿ ಮಾಲೀಕನಿಗೆ ಮುಟ್ಟಬೇಕು. ದಾರಿಯಲ್ಲಿ ಅದು ಸವೆದು ಸವೆದು ‘ಪಾರ್ಟಿ ರೆಡಿ ಹೈ’ ಎಂಬಲ್ಲಿಗೆ ಬಂದಿರುತ್ತದೆ. ಮಾಲೀಕ ಉತ್ತರ ಕೊಡಲಿಲ್ಲ ಎಂದು ನಾವು ಸಿಟ್ಟು ಮಾಡಿಕೊಳ್ಳುತ್ತೇವೆ. ಪಾಪ, ಅವನಿಗೆ ಪ್ರಶ್ನೆಯೇ ಹೋಗಿರುವುದಿಲ್ಲ.

ಪ್ರಶ್ನೆ ಹೋಗಿಯೂ ಬಾಯಿ ಬಿಡದ ಮಾಲೀಕರ ವಿಷಯ ಬೇರೆ. ಇಷ್ಟು ಕಾಲ ಈ ಊರಲ್ಲಿ ಮನೆ ಹುಡುಕಿ ನನಗೆ ಒಂದು ಖಾತ್ರಿಯಾಗಿದೆ. ಮಾಲೀಕ ಮಾತಾಡದಿದ್ದರೆ ಅವನು ಉತ್ತರ ಕೊಡಲಿಲ್ಲ ಎಂದಲ್ಲ. ಕೊಟ್ಟಿದ್ದಾನೆ, ನಾವು ಓದಿಕೊಳ್ಳಬೇಕು.

ಮೊದಲನೆಯದು ಕಾಗದ ಇಲ್ಲದವನ ಮೌನ. 1992–93ರ ಗಲಭೆಯ ಮೇಲೆ ಮುಂಬಯಿ ಬಿಟ್ಟು ಎಷ್ಟೋ ಮುಸ್ಲಿಂ ಕುಟುಂಬಗಳು ಇಲ್ಲಿಗೆ ಬಂದವು. ಬಂದವರಿಗೆ ನಾಳೆಯೇ ತಲೆಯ ಮೇಲೊಂದು ಸೂರು ಬೇಕಿತ್ತು. ಬೇಡಿಕೆ ಓಡಿದ ವೇಗಕ್ಕೆ ಅನುಮತಿ ಓಡಲಿಲ್ಲ. ಕಟ್ಟಡಗಳು ಅನುಮತಿಯನ್ನು ಹಿಂದೆ ಬಿಟ್ಟು ಎದ್ದು ನಿಂತವು. ಅಂಥ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಹಾಗಾಗಿ ರೊಕ್ಕ, ಕಂತು, ನೋಟರಿಯ ಮುದ್ರೆ ಬಿದ್ದ ಸ್ಟ್ಯಾಂಪ್ ಪೇಪರು. ಆ ನೂರು ರೂಪಾಯಿಯ ಪೇಪರು 2024ರ ಅಕ್ಟೋಬರಿನಿಂದ ಐನೂರಾಯಿತು, ಅದರ ಬಲ ಮಾತ್ರ ಐದು ಪಟ್ಟು ಹೆಚ್ಚಲಿಲ್ಲ. ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ರಿಜಿಸ್ಟರ್ ಆಗದೆ ಕೈ ಬದಲಾಗುವುದಿಲ್ಲ ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳಿಬಿಟ್ಟಿದೆ. ಬರೀ ಪವರ್ ಆಫ್ ಅಟಾರ್ನಿ ಬರೆದುಕೊಟ್ಟರೆ ಒಡೆತನ ಬಂದಂತಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಮತ್ತೊಮ್ಮೆ ಹೇಳಿತು. ರಿಜಿಸ್ಟರ್ ಆದ ವ್ಯವಹಾರದ ಸಾರ ಹೇಳುವ ಕಾಗದ ಇಂಡೆಕ್ಸ್-2. ಅದನ್ನು ಕಳಿಸಿ ಎಂದ ಕೂಡಲೇ ಮಾಲೀಕನ ಫೋನು ಸ್ವಿಚ್ ಆಫ್ ಆದರೆ, ಅದೇ ಅವನ ಇಂಡೆಕ್ಸ್-2.

“2013 ನೆನಪುಂಟಲ್ಲ ನಿಮ್ಗೆ?” ಎಂದರು ಶೆಟ್ಟರು.

ಇಲ್ಲಿಯವರಿಗೆ ಅದು ನೆನಪಿಲ್ಲದೆ ಇರುತ್ತದಾ? ಏಪ್ರಿಲ್ 4ರ ಸಂಜೆ ಶಿಳ್‌ಫಾಟಾದ ಲಕ್ಕಿ ಕಾಂಪೌಂಡಿನಲ್ಲಿ, ಅನುಮತಿಯೇ ಇಲ್ಲದೆ ಏಳುತ್ತಿದ್ದ ಕಟ್ಟಡ ಕುಸಿಯಿತು. 74 ಜನ ಸತ್ತರು. ಮೇಲೆ ಕೆಲಸ ನಡೆಯುತ್ತಿರುವಾಗಲೇ ಕೆಳಗಿನ ಮಾಳಿಗೆಗಳಲ್ಲಿ ಜನ ವಾಸಕ್ಕಿದ್ದರು. ಆಮೇಲೆ ಕೆಲ ಕಾಲ ಈ ಊರಲ್ಲಿ ಎಲ್ಲರೂ ಗೋಡೆಯ ಬಿರುಕು ಲೆಕ್ಕ ಮಾಡುತ್ತಿದ್ದರು. ಮತ್ತೆ ಪೇಂಟ್ ಬಂತು, ಬಿರುಕು ಮುಚ್ಚಿತು, ರೇಟು ಏರಿತು.

ಕಾಗದ ಇದ್ದರೂ ಸಾಲದು, ಆ ಕಾಗದ ನಿಜವಾಗಿರಬೇಕು ಎಂಬುದನ್ನು ಡೊಂಬಿವಲಿ ಕಲಿಸಿತು. ಅಲ್ಲಿ 65 ಕಟ್ಟಡಗಳಿಗೆ ಕಲ್ಯಾಣ–ಡೊಂಬಿವಲಿ ಪಾಲಿಕೆಯ ನಕಲಿ ಅನುಮತಿಪತ್ರ ತಯಾರಿಸಿ, ಅದನ್ನು ತೋರಿಸಿ ಮಹಾರೇರಾದ ಅಸಲಿ ನಂಬರನ್ನೇ ಪಡೆದಿದ್ದರು. ಕೊಂಡವರಿಗೆ ಬ್ಯಾಂಕುಗಳು ಸಾಲವನ್ನೂ ಕೊಟ್ಟವು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಆ ಕಟ್ಟಡಗಳನ್ನು ಕೆಡವಿ ಎಂದಿತು. ಮನೆ ಅಕ್ರಮ, ಕಂತು ಸಕ್ರಮ. ಅಂಥ ಕಡೆ ಸಿಕ್ಕಿಬಿದ್ದವರ ಪಾಡನ್ನು ಯಾರಿಗೆ ಹೇಳುವುದು? ನಂಬರು ಕಂಡ ಮೇಲೂ ಪಾಲಿಕೆಯ ನಗರರಚನಾ ಕಚೇರಿಗೆ ಹೋಗಿ ಈ ಅನುಮತಿ ನೀವೇ ಕೊಟ್ಟದ್ದಾ ಎಂದು ಕೇಳಿ ಬರಬೇಕು ಎಂಬ ಬುದ್ಧಿ ನಮಗೆಲ್ಲ ಬಂದದ್ದು ಆಮೇಲೆ.

ಎರಡನೆಯದು ಸಿಕ್ಕಿಬಿದ್ದವನ ಮೌನ. ಇದು ಮುಂಬ್ರಾದ ಹೆವಿ ಡಿಪಾಸಿಟ್ಟಿನ ಕರಾಮತ್ತು. ಬಾಡಿಗೆದಾರ ಒಂದೇ ಗಂಟಿನಲ್ಲಿ ಕೆಲವು ಲಕ್ಷ ಕೊಡುತ್ತಾನೆ, ತಿಂಗಳ ಬಾಡಿಗೆ ಇಲ್ಲ. ಬಿಡುವಾಗ ಗಂಟು ವಾಪಸು. ಮಾಲೀಕ ಆ ಗಂಟಿನಲ್ಲಿ ಮಗಳ ಮದುವೆಯನ್ನೋ ಮಗನ ವೀಸಾವನ್ನೋ ಮುಗಿಸಿರುತ್ತಾನೆ. ಮನೆ ಮಾರಿದರೆ ಡಿಪಾಸಿಟ್ ಕೊಡಬಹುದು. ಡಿಪಾಸಿಟ್ ಕೊಟ್ಟರೆ ಬಾಡಿಗೆದಾರ ಏಳುತ್ತಾನೆ. ಬಾಡಿಗೆದಾರ ಎದ್ದರೆ ಮನೆ ಮಾರಬಹುದು. ಮೂರರಲ್ಲಿ ಯಾವುದು ಮೊದಲು? ನಾವು ಮನೆ ನೋಡಲಿಕ್ಕೆ ಹೋದರೆ ಬಾಡಿಗೆದಾರನ ಹೆಂಡತಿ ಬಾಗಿಲು ಅರ್ಧ ತೆರೆದು, ‘ಇವತ್ತು ಮಗುವಿಗೆ ಜ್ವರ’ ಎನ್ನುತ್ತಾಳೆ. ಆ ಮಗುವಿಗೆ ಕೊಳ್ಳುವವರು ಬಂದಾಗೆಲ್ಲ ಜ್ವರ. ಏಜೆಂಟನಿಗೆ ಈ ಡಿಪಾಸಿಟ್ಟಿನ ಗುಟ್ಟು ಗೊತ್ತೇ ಇರುವುದಿಲ್ಲ, ಅಥವಾ ಗೊತ್ತಿದ್ದರೂ ನಮ್ಮ ಮುಂಗಡದ ಟೋಕನ್ನಿನಿಂದಲೇ ಗಂಟು ಬಿಚ್ಚಿಸುವ ಅಂದಾಜು ಹಾಕಿರುತ್ತಾನೆ.

ಇದೇ ಜಾತಿಗೆ ಸೇರಿದ್ದು ಗಲ್ಫಿನಲ್ಲಿರುವ ಮಾಲೀಕನ ಮೌನ. ಅವನು ದುಬಾಯಿಯಲ್ಲಿ, ಕೀಲಿಕೈ ಮಾವನ ಹತ್ತಿರ, ಸಹಿ ಮಾಡಬೇಕಾದ ತಮ್ಮ ಕುವೈತಿನಲ್ಲಿ, ತಂಗಿಗೆ ಪಾಲು ಉಂಟೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ರೇಟು ಕೇಳಿ ನೋಡಿದ್ದಷ್ಟೇ, ಮಾರಲಿಕ್ಕೆ ಮನೆಯೊಳಗೆ ಒಪ್ಪಿಗೆ ಆಗಿಲ್ಲ. ಮಾಲೀಕ ಅನಿವಾಸಿಯಾದರೆ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವನದ್ದು. ಇಲ್ಲಿರುವ ಮಾಲೀಕನಿಗೆ ಅನ್ವಯಿಸುವ ಒಂದು ಪರ್ಸೆಂಟಿನ ಲೆಕ್ಕವೂ ಇಲ್ಲ, 50 ಲಕ್ಷದ ಮಿತಿಯೂ ಇಲ್ಲ, ದರ ಅದಕ್ಕಿಂತ ಬಹಳ ಹೆಚ್ಚು. ಇದನ್ನು ಹೇಳಬೇಕಾದವನು ಏಜೆಂಟ್. ಅವನು ಹೇಳುವುದು: “ದುಬಾಯಿ ಪಾರ್ಟಿ ಅಂಕಲ್, ರಿಚ್ ಪಾರ್ಟಿ.”

ಮೂರನೆಯ ಮೌನದ ಬಗ್ಗೆ ನಾನಾಗಿ ಹೇಳುವುದು ಕಡಿಮೆ. ಆ ದಿನ ಶೆಟ್ಟರೇ ಕೆದಕಿದರು.

“ಇಲ್ಲಿ ಯಾಕೆ ತಲೆ ಕೆಡಿಸ್ಕೊಳ್ತೀರಿ? ಡೊಂಬಿವಲಿಗೆ ಹೋಗಿ. ಕರ್ನಾಟಕ ಸಂಘ ಉಂಟು, ಮಂಜುನಾಥ ವಿದ್ಯಾಲಯ ಉಂಟು, ಊರಿನ ಮೇಳ ಬಂದ್ರೆ ಆಟ ನೋಡ್ಬಹುದು. ನಿಮ್ಗೆ ಯಕ್ಷಗಾನದ ಹುಚ್ಚು ಬೇರೆ.”

“ನೋಡಿದ್ದೇನೆ ಶೆಟ್ರೇ. ನಮ್ಮ ಊರಿನವರದ್ದೇ ಮನೆ. ಫೋನಿನಲ್ಲಿ ಅರ್ಧ ಗಂಟೆ ಮಾತು. ಉಳ್ಳಾಲ ಅಂದ ಕೂಡಲೇ ಅವರಿಗೆ ಎಲ್ಲಿಲ್ಲದ ಸಂತೋಷ. ಬಂಗುಡೆ ಗಸಿಯ ತನಕ ಹೋಯ್ತು ಮಾತು. ಭಾನುವಾರ ಬನ್ನಿ, ಊಟಕ್ಕೇ ಬನ್ನಿ ಅಂದ್ರು.”

“ಮತ್ತೆ?”

“ಕಡೆಗೆ ಹೆಸರು ಕೇಳಿದ್ರು.”

ಶೆಟ್ಟರು ಸ್ವಲ್ಪ ಹೊತ್ತು ಗ್ಲಾಸಿನ ತಳ ನೋಡಿದರು. “ಭಾನುವಾರ ಫೋನ್ ಎತ್ತಲಿಲ್ಲ?”

“ಊರಿಗೆ ಹೋದ್ರಂತೆ.”

ಇಬ್ಬರಿಗೂ ನಗು ಬಂತು. ನಗದೆ ಎಂತ ಮಾಡುವುದು? ಕಾಗದ ಇಲ್ಲದವನ ಮೌನಕ್ಕೆ ವಕೀಲ ಇದ್ದಾನೆ, ಡಿಪಾಸಿಟ್ಟಿನವನ ಮೌನಕ್ಕೆ ಲೆಕ್ಕ ಇದೆ, ಈ ಮೌನಕ್ಕೆ ಯಾವ ಕಚೇರಿಯ ಕಿಟಕಿಯಲ್ಲೂ ಅರ್ಜಿ ಇಲ್ಲ. ಮುಂಬ್ರಾದಲ್ಲಿ ಇಷ್ಟು ಜನ ಯಾಕೆ ಒತ್ತಿಕೊಂಡು ಇದ್ದಾರೆ ಎಂದು ಕೇಳುವವರು, ಬೇರೆ ಕಡೆ ಎಷ್ಟು ಫೋನುಗಳು ಹೆಸರು ಕೇಳಿದ ಮೇಲೆ ಸತ್ತಿವೆ ಎಂದೂ ಒಮ್ಮೆ ಕೇಳಬೇಕು. ಇಲ್ಲಿಯ ರೇಟಿನೊಳಗೆ ಆ ಮೌನದ ಬೆಲೆಯೂ ಸೇರಿದೆ. ಬೇರೆಲ್ಲೂ ಸಿಗದವನಿಗೆ ಕಾಗದ ಕೇಳುವ ಧೈರ್ಯ ಕಡಿಮೆ ಎಂಬುದು ಬಿಲ್ಡರಿಗೆ ಗೊತ್ತು, ಏಜೆಂಟನಿಗೂ ಗೊತ್ತು.

ಅಷ್ಟರಲ್ಲಿ ಶೆಟ್ಟರ ಫೋನು ಬಡಿದುಕೊಂಡಿತು. ಅವರು ನಂಬರು ನೋಡಿ, ಫೋನನ್ನು ಬೋರಲು ಮಲಗಿಸಿದರು.

“ಯಾರು?”

“ಏಜೆಂಟ್.”

“ನಿಮ್ಗೆಂತದು ಏಜೆಂಟ್?”

ಒಳಗಿನಿಂದ ಶೆಟ್ಟರ ಹೆಂಡತಿ, ನಮ್ಮ ಅಕ್ಕನ ಸ್ವರ ಬಂತು. “ಹೇಳಿ, ಹೇಳಿ. ಈ ಮನೆ ಮಾರ್ತೇನೆ ಅಂತ ಹೋದ ವರ್ಷ ಊರೆಲ್ಲ ಹೇಳಿ ಬಂದವರು ಯಾರು? ಈಗ ದಿನಾ ಫೋನು. ಎತ್ತುದಿಲ್ಲ, ಇಲ್ಲ ಅಂತ ಹೇಳುದೂ ಇಲ್ಲ.”

ನೋಡಿ, ಇಷ್ಟು ದಿನ ನಾನು ಯಾರನ್ನು ಬಯ್ಯುತ್ತಿದ್ದೆನೋ ಆ ಜಾತಿಯವರೇ ಗ್ರಿಲ್ಲಿನಾಚೆ ಕೂತು ನನ್ನ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದರು! ಬಿಡಲಿಕ್ಕುಂಟಾ? ಹಿಡಿದು ಕೇಳಿದೆ. ಶೆಟ್ಟರದ್ದೂ ಒಂದು ಲೆಕ್ಕ ಇತ್ತು. ಮಗ ಪುಣೆಯಲ್ಲಿ, ಅಲ್ಲಿಗೆ ಬನ್ನಿ ಎನ್ನುತ್ತಾನೆ. ಇದನ್ನು ಮಾರಿದ ದುಡ್ಡಿಗೆ ಪುಣೆಯಲ್ಲಿ ಇಷ್ಟು ದೊಡ್ಡ ಬಾಲ್ಕನಿ ಬರುವುದಿಲ್ಲ. ಊರಿನ ಮನೆ ಅಣ್ಣನ ಮಕ್ಕಳ ಕೈಯಲ್ಲಿದೆ. ಅಕ್ಕನಿಗೆ ಮೊಣಕಾಲು ನೋವು, ಆದರೆ ಇಲ್ಲಿಯ ಡಾಕ್ಟರನ್ನು ಬಿಡಲಿಕ್ಕೆ ಮನಸ್ಸಿಲ್ಲ.

“ಇಲ್ಲ ಅಂತ ಒಂದು ಮಾತು ಹೇಳಿಬಿಡಿ ಶೆಟ್ರೇ, ಆ ಹುಡುಗ ನಂಬಿಕೊಂಡು ಕೂತಿದ್ದಾನೆ.”

“ಇಲ್ಲ ಅಂದ್ರೆ ನಾಳೆಯಿಂದ ರೇಟು ಯಾರು ಹೇಳ್ತಾರೆ?”

ಇದು ನಾಲ್ಕನೆಯ ಮೌನ. ನನ್ನ ಪಟ್ಟಿಯಲ್ಲಿ ಇರಲಿಲ್ಲ. ಮನೆ ಮಾರಾಟಕ್ಕಿಲ್ಲ, ಆದರೆ ಅದಕ್ಕೆಷ್ಟು ಬರುತ್ತದೆ ಎಂದು ಆಗಾಗ ಕೇಳಿಸಿಕೊಳ್ಳುವ ಆಸೆ. ಹೋಟೆಲ್ ಬಿಟ್ಟ ಮೇಲೆ ಶೆಟ್ಟರಿಗೆ ದಿನದ ಗಲ್ಲೆ ಎಣಿಸುವ ಕೆಲಸ ಇಲ್ಲ. ಏಜೆಂಟನ ಫೋನು ಆ ಲೆಕ್ಕವನ್ನು ತುಂಬಿಸಿಕೊಡುತ್ತದೆ. ಈ ಮೌನದ ಮಾಲೀಕರು ಮುಂಬ್ರಾದಲ್ಲಿ ಮಾತ್ರ ಅಲ್ಲ, ಕಲ್ಯಾಣ, ವಾಶಿ, ಪನ್ವೇಲಿನಲ್ಲೂ ಇದ್ದಾರೆ. ‘ಅರ್ಜೆಂಟ್ ಸೇಲ್’ ಚೀಟಿಗಳಲ್ಲಿ ಎಷ್ಟು ಇಂಥವು ಎಂದು ಚೀಟಿ ಅಂಟಿಸಿದವನಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಕೊಳ್ಳುವವನು ಮಾಡಬೇಕಾದ್ದೇನು? ಫೋಟೊ ನೋಡುವ ಮೊದಲು ಕಾಗದ ನೋಡಬೇಕು. ನಮ್ಮೂರಿನ ಮೀನಿನ ಬಾಯಮ್ಮ ಕೇಳುವ ಮೊದಲೇ ಕಿವಿರು ಎತ್ತಿ ಕೆಂಪು ತೋರಿಸುತ್ತಾಳೆ, ರೇಟು ಆಮೇಲೆ. ಮನೆಯ ಕಿವಿರು ಎಂದರೆ ಇಂಡೆಕ್ಸ್-2, ಮೊದಲ ಬಿಲ್ಡರಿನಿಂದ ಇವತ್ತಿನ ಮಾಲೀಕನವರೆಗಿನ ಅಗ್ರಿಮೆಂಟುಗಳ ಸರಣಿ, ಸೊಸೈಟಿಯ ಶೇರ್ ಸರ್ಟಿಫಿಕೇಟ್, ಓಸಿ. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರಿನಿಂದ ಮನೆ ಮಾರಾಟಕ್ಕೆ ಇಡುವವನೇ ಮೊದಲು ಸರ್ವೇಯರನಿಂದ ಮನೆಯ ಸ್ಥಿತಿಯ ವರದಿ ಮಾಡಿಸಿಟ್ಟುಕೊಳ್ಳಬೇಕು, ಕೇಳಿದ ಗಿರಾಕಿಗೆ ಕೊಡಬೇಕು. ಇಲ್ಲಿ ಅಂಥ ಕಾನೂನು ಬರುವ ತನಕ ನಾವೇ ಕಾನೂನು. ನಾನು ಈಗ ಎಲ್ಲ ಏಜೆಂಟರಿಗೂ ಒಂದೇ ಮೆಸೇಜು ಕಳಿಸುವುದು: ‘ಫೋಟೊ ಬೇಡ, ಇಂಡೆಕ್ಸ್-2 ಕಳಿಸಿ.’

ಟೋಕನ್ ಕೊಡುವಾಗ ರೊಕ್ಕ ಬೇಡ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದರ ಮೇಲೆ ನಗದಾಗಿ ಪಡೆಯಲಿಕ್ಕೆ 2015ರಿಂದಲೇ ಅಡ್ಡಿ ಇದೆ. ಚೆಕ್ ಕೊಡುತ್ತೇನೆ, ಮಾಲೀಕರ ಹೆಸರಿಗೇ ಕೊಡುತ್ತೇನೆ ಎಂದರೆ ಊರಿಗೆ ಹೋದ ಮಾಲೀಕ ಅದೇ ಸಂಜೆ ವಾಪಸು ಬರುವುದೂ ಉಂಟು, ಶಾಶ್ವತವಾಗಿ ಹೋಗುವುದೂ ಉಂಟು. ಎರಡೂ ನಮಗೆ ಲಾಭವೇ. ಸೊಸೈಟಿಯವರು ವರ್ಗಾವಣೆಗೆ ‘ಡೊನೇಶನ್’ ಎಂದು ದೊಡ್ಡ ಮೊತ್ತ ಹೇಳಿದರೆ, ಸರಕಾರ 2001ರಲ್ಲಿ ಹಾಕಿದ ಮಿತಿ 25,000 ರೂಪಾಯಿ ಎಂದು ನಗುತ್ತಲೇ ನೆನಪು ಮಾಡಬೇಕು. ಹೆಂಡತಿಯ ಹೆಸರಿನಲ್ಲಿ ಕೊಂಡರೆ ಮಹಾರಾಷ್ಟ್ರದಲ್ಲಿ ಸ್ಟ್ಯಾಂಪ್ ಡ್ಯೂಟಿ ಒಂದು ಪರ್ಸೆಂಟ್ ಕಡಿಮೆ. ಇದನ್ನು ನಾನು ಮನೆಯಲ್ಲಿ ಹೇಳಿದ ದಿನ ನನ್ನವಳು, ‘ಹಾಗಾದ್ರೆ ಆ ಒಂದು ಪರ್ಸೆಂಟ್ ನನ್ನ ಕೈಯಲ್ಲಿ ಕೊಡಿ’ ಎಂದಳು. ಯಾವ ಏಜೆಂಟೂ ಇಷ್ಟು ಚುರುಕಿಲ್ಲ.

ನನ್ನ ಮೆಸೇಜಿಗೆ ಹೆಚ್ಚಿನವರ ಉತ್ತರ ಬರಲಿಲ್ಲ. ಕೆಲವರು ಲೈಟ್ ಬಿಲ್ಲನ್ನೇ ಮತ್ತೆ ಕಳಿಸಿದರು. ಒಬ್ಬ ಹುಡುಗ ಮಾತ್ರ ಫೋನ್ ಮಾಡಿ, “ಅಂಕಲ್, ಇಂಡೆಕ್ಸ್-2 ಅಂದ್ರೆ ಎಂತ? ಎಲ್ಲಿ ಸಿಗ್ತದೆ?” ಎಂದು ಕೇಳಿದ. ನೋಂದಣಿ ಇಲಾಖೆಯ ಸೈಟಿನಲ್ಲಿ ಹುಡುಕುವುದು ಹೇಗೆ ಎಂದು ಹೇಳಿಕೊಟ್ಟೆ. ಈಗ ಅವನೇ ಬೇರೆ ಗಿರಾಕಿಗಳಿಗೆ ಹೇಳಿಕೊಡುತ್ತಿದ್ದಾನಂತೆ. ನನ್ನ ಮನೆ ಹುಡುಕುವ ಕೆಲಸ ಇನ್ನು ಇವನಿಗೇ. ಅನುಭವ ಇಲ್ಲದ ಏಜೆಂಟನಿಂದ ಹೆದರಿಕೆ ಇಲ್ಲ, ಕೇಳಿ ಕಲಿತಾನು. ‘ಸಬ್ ಕ್ಲಿಯರ್’ ಎನ್ನುವವನಿಂದ ಮಾತ್ರ ದೂರ ಇರಬೇಕು, ಅವನಿಗೆ ಇಪ್ಪತ್ತು ವರ್ಷದ ಅನುಭವ ಇದ್ದರೂ ಸರಿ.

ಇದನ್ನು ಹೇಳಿದಾಗ ಶೆಟ್ಟರಿಗೂ ಉತ್ಸಾಹ ಬಂತು.

“ಅಷ್ಟೇ ಆದ್ರೆ ನನ್ನ ಮನೆಯದ್ದೂ ಕೇಳಿ ಬ್ಯಾರಿಗಳೇ. ಅಗ್ರಿಮೆಂಟ್, ಶೇರ್ ಸರ್ಟಿಫಿಕೇಟ್, ರಿಜಿಸ್ಟ್ರಿ, ಎಲ್ಲ ಕಪಾಟಿನಲ್ಲಿ ಪ್ಲಾಸ್ಟಿಕ್ ಹಾಕಿ ಇಟ್ಟಿದ್ದೇನೆ. ಒಂದು ಕಾಗದ ಕಡಿಮೆ ಇಲ್ಲ.”

“ಹಾಗಾದ್ರೆ ಕೊಡಿ, ನಾನೇ ಪಾರ್ಟಿ. ಎರಡೆರಡು ಪರ್ಸೆಂಟ್ ದಲ್ಲಾಳಿ ಇಬ್ರಿಗೂ ಉಳೀತದೆ.”

“ಕಾಗದ ಎಷ್ಟು ಬೇಕಾದ್ರೂ ಕೊಡ್ತೇನೆ, ಜೆರಾಕ್ಸ್ ದುಡ್ಡೂ ನನ್ನದೇ” ಎಂದರು ಶೆಟ್ಟರು. “ಮನೆ ಕೇಳ್ಬೇಡಿ.”